ಅಣ್ಣ ಎಳೆದ ಕೆಂಪು ಗೆರೆ

"ಅಜ್ಜಾರ, ನೀವು ಹೇಳಿದ್ದನ್ನ ಒಂದಕ್ಷರ ಬಿಡದಂಗ ಮಾಡಾಕತ್ತೀನಿ. ಆದ್ರೂ ನನ್ನ ಮನಸ್ಸು ಯಾಕ ನಿಲ್ಲವಲ್ದು?"

ಶಿಷ್ಯ ಬಸಲಿಂಗ ಇದನ್ನು ಕೇಳಿದ್ದು ಬೆಳಗಿನ ಪೂಜೆ ಮುಗಿದ ಮೇಲೆ, ಮಠದ ಮುಂದಿನ ಕಟ್ಟೆಯ ಮೇಲೆ. ವಯಸ್ಸು ಎಷ್ಟೇ ಇರಲಿ, ಆ ಕಡೆ ಮಠದ ಗುರುಗಳನ್ನು ಅಜ್ಜಾರ ಎಂದೇ ಕರೆಯುತ್ತಾರೆ. ಅವನು ಮಠಕ್ಕೆ ಬಂದು ಐದು ವರ್ಷವಾಗಿತ್ತು. ಗುರುಗಳು ಆಡಿದ ಮಾತನ್ನೆಲ್ಲ ಅವನು ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದ. ಅಂಥ ಏಳು ಪುಸ್ತಕಗಳು ತುಂಬಿದ್ದವು, ಎಂಟನೆಯದು ಈಗ ಅವನ ತೊಡೆಯ ಮೇಲೆ ಇತ್ತು.

"ಏನಾಗೇತಿ, ಬಿಡಿಸಿ ಹೇಳು," ಎಂದರು ಗುರುಗಳು.

"ನಮ್ಮ ಅಕ್ಕಂದು ಕಾಗದ ಬಂದೈತ್ರಿ. ಬರೋ ವಾರ ಆಕಿಗೆ ಆಪರೇಷನ್. ನೀ ಒಂದ್ಸಲ ಬಂದು ಕಣ್ಣ ಮುಂದ ನಿಂತ್ರ ಸಾಕು ಅಂತ ಬರದಾಳ. ಬಿಟ್ಟು ಬಂದದ್ದನ್ನ ಹೊಳ್ಳಿ ನೋಡಬ್ಯಾಡ ಅಂತ ನೀವು ಹೇಳೀರಿ. ಮೊದಲನೇ ಪುಸ್ತಕದಾಗ, ಮೊದಲನೇ ಪುಟದಾಗ ಐತಿ. ಬರಾಕ ಆಗಂಗಿಲ್ಲ ಅಂತ ಉತ್ತರ ಬರದು ಹಾಕೀನಿ. ಅವತ್ತಿನಿಂದ ಕಣ್ಣು ಮುಚ್ಚಿದ್ರ ಅಕ್ಕನ ಮುಖಾನ ಬರತೈತಿ. ನಾ ಎಲ್ಲಿ ತಪ್ಪೀನ್ರಿ?"

ಗುರುಗಳು ಅವನ ತೊಡೆಯ ಮೇಲಿನ ಪುಸ್ತಕ ನೋಡಿದರು. ಆಮೇಲೆ ಹೇಳಿದರು.

"ಪುಸ್ತಕ ಮುಚ್ಚು. ನಿನ್ನೆ ಮಧ್ಯಾಹ್ನ ಒಬ್ಬ ಗ್ಯಾರೇಜ್ ಮಿಸ್ತ್ರಿ ಬಂದಿದ್ನಲ್ಲ, ನೀನ ಊಟಕ್ಕ ಬಡಿಸಿದಿ. ಅಂವ ಒಂದು ಕತಿ ಹೇಳಿ ಹೋಗ್ಯಾನ. ಅದರಾಗ ರಾಜಾ ಇಲ್ಲ, ಮಂತ್ರಿ ಇಲ್ಲ. ಮೋಟರ್ ಸೈಕಲ್ ಐತಿ. ನಡೀತೈತೇನು?"

"ನಡೀತೈತ್ರಿ," ಎಂದ ಬಸಲಿಂಗ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಅಣ್ಣ ತಮ್ಮ ಇಬ್ಬರಿದ್ದರು. ಅಣ್ಣ ಮೋಟರ್ ಸೈಕಲ್ ಪಂದ್ಯದ ಸವಾರ. ಡ್ರ್ಯಾಗ್ ರೇಸ್ ಎನ್ನುತ್ತಾರೆ ಆ ಪಂದ್ಯಕ್ಕೆ. ನೀನು ನೋಡಿರಲಿಕ್ಕಿಲ್ಲ. ವಿಮಾನ ಇಳಿಯುವುದು ನಿಂತುಹೋದ ಹಳೆಯ ರನ್‌ವೇಯಲ್ಲಿ ನಡೆಸುತ್ತಾರೆ. ತಿರುವಿಲ್ಲ, ಏರಿಲ್ಲ, ಇಳಿಜಾರಿಲ್ಲ. ಕಾಲು ಮೈಲಿ ನೇರ ದಾರಿ. ದೀಪ ಹಸಿರಾದ ಮೇಲೆ ಹೊರಡಬೇಕು, ಆ ತುದಿಯ ಗೆರೆ ದಾಟಬೇಕು. ಹನ್ನೆರಡು ಹದಿಮೂರು ಸೆಕೆಂಡಿನಲ್ಲಿ ಎಲ್ಲ ಮುಗಿಯುತ್ತದೆ. ದಾಟಿದ ಮೇಲೆ ಒಂದು ಚೀಟಿ ಕೊಡುತ್ತಾರೆ. ಎಷ್ಟು ಹೊತ್ತು ಹಿಡಿಯಿತು ಎಂದು ಸೆಕೆಂಡಿನ ನೂರನೇ ಪಾಲಿನವರೆಗೆ ಅದರಲ್ಲಿ ಇರುತ್ತದೆ.

ಇಷ್ಟಕ್ಕಾಗಿ ಜನ ವರ್ಷಗಟ್ಟಲೆ ಒದ್ದಾಡುತ್ತಾರೆ. ನಗಬೇಡ. ಒಂದು ಗಳಿಗೆ ಮನಸ್ಸು ನಿಲ್ಲಲಿ ಎಂದು ನಾವು ಆಯುಷ್ಯವನ್ನೇ ಕೂತು ಕಳೆಯುವುದಿಲ್ಲವೇ?

ಅಣ್ಣನ ಟೈಮು ಹನ್ನೆರಡು ಸೆಕೆಂಡು, ಅದರ ಮೇಲೆ ನಲವತ್ತೊಂದು. ಆ ತರಗತಿಯ ಗಾಡಿಯಲ್ಲಿ ಆ ಸೀಮೆಯ ಯಾರೂ ಅಷ್ಟು ಬೇಗ ಓಡಿರಲಿಲ್ಲ. ಗಾಡಿ ನೋಡಿಕೊಳ್ಳುತ್ತಿದ್ದವನು ಒಬ್ಬ ಮಿಸ್ತ್ರಿ. ಅವನು ಆ ಚೀಟಿಯನ್ನು ಗ್ಯಾರೇಜಿನ ಗೋಡೆಗೆ ಅಂಟಿಸಿದ್ದ.

ತಮ್ಮನಿಗೆ ಆಗ ಹದಿನೆಂಟು. ತಂದೆ ತಾಯಿ ಇರಲಿಲ್ಲ. ಅವನಿಗೆ ಊಟ ಹಾಕಿದವನೂ ಶಾಲೆಗೆ ಕಳಿಸಿದವನೂ ಅಣ್ಣನೇ. ಅಣ್ಣ ಹೇಗೆ ಹೆಲ್ಮೆಟ್ ಕಟ್ಟುತ್ತಾನೋ ಅವನೂ ಹಾಗೇ ಕಟ್ಟುತ್ತಿದ್ದ. ಅಣ್ಣ ಹೇಗೆ ಉಗುಳುತ್ತಾನೋ ಹಾಗೇ ಉಗುಳುತ್ತಿದ್ದ. ಅವನು ದಿನಾ ಒಂದೇ ಪ್ರಶ್ನೆ ಕೇಳುತ್ತಿದ್ದ. ಗೇರ್ ಯಾವಾಗ ಬದಲಿಸಬೇಕು?

ಅದನ್ನು ಹೇಳುವುದು ಸುಲಭವಲ್ಲ. ಪ್ರತಿ ಗೇರಿನಲ್ಲಿಯೂ ಇಂಜಿನ್ ಒಂದು ಹಂತದವರೆಗೆ ಜೋರಾಗಿ ಎಳೆಯುತ್ತದೆ. ಆಮೇಲೆ ಬರೀ ಕಿರುಚುತ್ತದೆ, ಎಳೆಯುವುದಿಲ್ಲ. ಎಳೆತ ಮುಗಿದು ಕಿರುಚಾಟ ಶುರುವಾಗುವ ಕಡೆ ಮುಂದಿನ ಗೇರಿಗೆ ಹೋಗಬೇಕು. ಮೊದಲೇ ಹೋದರೂ ನಷ್ಟ, ತಡಮಾಡಿದರೂ ನಷ್ಟ.

ಅಣ್ಣ ಒಂದು ದಿನ ಅವಸರದಲ್ಲಿದ್ದ. ತಮ್ಮ ಮತ್ತೆ ಅದನ್ನೇ ಕೇಳಿದ. ಮಿಸ್ತ್ರಿಯ ಕಪಾಟಿನ ಮೇಲೆ ಕೆಂಪು ಬಣ್ಣದ ಡಬ್ಬಿಯೊಂದಿತ್ತು. ಅಣ್ಣ ಒಂದು ಕಡ್ಡಿಯನ್ನು ಅದರಲ್ಲಿ ಅದ್ದಿದ. ಇಂಜಿನ್ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಮೀಟರು ಹ್ಯಾಂಡಲ್ಲಿನ ಮೇಲೆ ಇರುತ್ತದಲ್ಲ, ಅದರ ಗಾಜಿನ ಮೇಲೆ ಒಂದು ಗೆರೆ ಎಳೆದ.

"ಮುಳ್ಳು ಇಲ್ಲಿಗೆ ಬಂತಂದ್ರ ಗೇರ್ ಹಾಕು. ಇನ್ನ ತಲಿ ತಿನ್ನಬ್ಯಾಡ," ಎಂದ.

ಅದಾದ ಕೆಲವೇ ದಿನಗಳಲ್ಲಿ ಅಣ್ಣ ಮನೆ ಬಿಟ್ಟು ಹೊರಟ. ಎಲ್ಲಿಗೆ, ಯಾಕೆ ಎಂದು ಕೇಳಬೇಡ. ಕತೆಗೆ ಅದು ಬೇಕಿಲ್ಲ. ಗಾಡಿಯನ್ನು ತಮ್ಮನಿಗೆ ಬಿಟ್ಟ, ತಮ್ಮನನ್ನು ಮಿಸ್ತ್ರಿಗೆ ಒಪ್ಪಿಸಿದ. ಬಸ್ ಸ್ಟ್ಯಾಂಡಿನಲ್ಲಿ ತಮ್ಮ ಅಂಗಿ ಹಿಡಿದುಕೊಂಡ. ಮತ್ತೆ ಯಾವಾಗ ಬರುತ್ತೀ ಎಂದು ಕೇಳಿದ. ಅಣ್ಣನಿಗೆ ಅಳು ಬಂದಿತ್ತು. ಅದು ಕಾಣಬಾರದು ಎಂದು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ.

"ನನ್ನ ಟೈಮ್ ಮುರಿ. ಅವತ್ತ ಬರ್ತೀನಿ."

ಇಲ್ಲಿ ಬಸಲಿಂಗ ತಡೆದು ಕೇಳಿದ. "ಅಳು ಬಂದಿದ್ದು ಮಿಸ್ತ್ರಿಗೆ ಹೆಂಗ ಗೊತ್ತಾತ್ರಿ?"

"ಕತಿ ಕೇಳಾಕ ಕುಂತಿಯೋ, ಪಂಚಾಯ್ತಿ ಮಾಡಾಕ ಕುಂತಿಯೋ?" ಎಂದು ಗುರುಗಳು ಗದರಿದರು. ಆಮೇಲೆ ಕತೆ ಮುಂದುವರಿಸಿದರು.

ತಮ್ಮ ಆ ಮಾತನ್ನು ನಂಬಿದ. ಅಣ್ಣನ ಟೈಮು ಮುರಿದರೆ ಅಣ್ಣ ಬರುತ್ತಾನೆ. ಅವನಿಗೆ ಬೇಕಾಗಿದ್ದದ್ದು ಅಷ್ಟೇ. ಬಹುಮಾನದ ಕಪ್, ಹಾರ, ಹೆಸರು ಇದಾವುದೂ ಅವನ ತಲೆಯಲ್ಲಿ ಇರಲಿಲ್ಲ.

ಮೊದಲ ಸಲ ಓಡಿದಾಗ ಅವನ ಟೈಮು ಹದಿಮೂರು ಸೆಕೆಂಡಿನ ಮೇಲೆ ಅರವತ್ತು. ಇಂಜಿನ್ನಿಗೆ ಶಕ್ತಿ ಸಾಲದು ಎಂದುಕೊಂಡ. ಮಿಸ್ತ್ರಿಯನ್ನು ಪೀಡಿಸಿ ಇಂಜಿನ್ ಬಿಚ್ಚಿಸಿದ, ಒಳಗಿನ ಭಾಗಗಳನ್ನು ಬದಲಿಸಿದ, ಶಕ್ತಿ ಹೆಚ್ಚಿಸಿದ. ಮತ್ತೆ ಓಡಿದ. ಹದಿಮೂರರ ಮೇಲೆ ಅರವತ್ತೈದು ಬಂತು. ಶಕ್ತಿ ಹೆಚ್ಚಾಗಿತ್ತು, ಟೈಮು ಕೆಟ್ಟಿತ್ತು.

ಮಿಸ್ತ್ರಿ ಚೀಟಿಯನ್ನು ಅವನ ಮುಂದೆ ಹಿಡಿದ. ಚೀಟಿಯಲ್ಲಿ ಕೊನೆಯ ಲೆಕ್ಕ ಮಾತ್ರ ಇರುವುದಿಲ್ಲ. ಮೊದಲ ಅರವತ್ತು ಅಡಿಗೆ ಎಷ್ಟು ಹೊತ್ತು ಹಿಡಿಯಿತು ಎನ್ನುವುದೂ ಇರುತ್ತದೆ.

"ಇಲ್ಲಿ ನೋಡು ತಮ್ಮಾ. ಮೊದಲನೇ ಅರವತ್ತು ಅಡಿಯೊಳಗ ನೀ ಸೋತು ಕುಂತೀದಿ. ಉಳಿದ ದಾರಿ ಬರೀ ಮೆರವಣಿಗಿ," ಎಂದ ಮಿಸ್ತ್ರಿ.

ತಮ್ಮ ಮಾಡುತ್ತಿದ್ದ ತಪ್ಪು ಇದು. ಹಸಿರು ದೀಪ ಕಂಡ ಕೂಡಲೇ ಹೌಹಾರುತ್ತಿದ್ದ. ಆಕ್ಸಿಲೇಟರನ್ನು ಪೂರ್ತಿ ತಿರುವಿ ಕ್ಲಚ್ಚನ್ನು ಒಮ್ಮೆಲೇ ಬಿಟ್ಟುಬಿಡುತ್ತಿದ್ದ. ಹಿಂದಿನ ಚಕ್ರ ನಿಂತಲ್ಲೇ ಗಿರಗಿರನೆ ತಿರುಗಿ ಹೊಗೆ ಎಬ್ಬಿಸುತ್ತಿತ್ತು. ಇಲ್ಲವೇ ಮುಂದಿನ ಚಕ್ರ ಮೇಲೆದ್ದು ಅವನು ಹೆದರಿ ಆಕ್ಸಿಲೇಟರ್ ಇಳಿಸುತ್ತಿದ್ದ. ನೋಡುವವರಿಗೆ ಅದು ಭಾರೀ ಓಟ. ಗಾಡಿ ಮಾತ್ರ ಮುಂದೆ ಹೋಗುತ್ತಿರಲಿಲ್ಲ.

"ಹಸಿರು ಬಿತ್ತಂತ ಗಾಬರಿ ಆಗಬ್ಯಾಡ. ದೀಪಕ್ಕ ಗಡಿಯಾರ ಓಡಂಗಿಲ್ಲ. ನಿನ್ನ ಚಕ್ರ ಗೆರಿ ಬಿಟ್ಟಾಗ ಓಡಾಕ ಹತ್ತತೈತಿ. ಅಲ್ಲೀತನಕ ಅದು ನಿನ್ನ ಸಲುವಾಗಿ ಕಾಯತೈತಿ," ಎಂದ ಮಿಸ್ತ್ರಿ.

"ಬಾಜೂಕಿನಾಂವ ಮುಂದ ಹೋದ್ರ?"

"ಅಂವ ಹೋಗ್ಲಿ. ನೀ ಅವನ ಕೂಡ ಓಡಾಕತ್ತೀಯೇನು? ಗ್ವಾಡಿ ಮ್ಯಾಲಿನ ಚೀಟಿ ಕೂಡ ಓಡಾಕತ್ತೀದಿ."

ಮಿಸ್ತ್ರಿ ಕಲಿಸಿದ ರೀತಿ ಹೀಗಿತ್ತು. ಗ್ಯಾರೇಜಿನ ಮುಂದೆ ಒಂದು ಓಣಿ. ಆಕ್ಸಿಲೇಟರ್ ಮುಟ್ಟಬಾರದು. ಕ್ಲಚ್ ಒಂದನ್ನೇ ಸಡಿಲಿಸುತ್ತ ಗಾಡಿಯನ್ನು ಓಣಿಯ ಆ ತುದಿಯವರೆಗೆ ನಡೆಸಬೇಕು. ಇಂಜಿನ್ ಬಂದಾಗಬಾರದು. ಬಂದಾದರೆ ತಳ್ಳಿಕೊಂಡು ವಾಪಸ್ ಬಂದು ಮತ್ತೆ ಶುರು ಮಾಡಬೇಕು. ದಿನಕ್ಕೆ ನೂರು ಸಲ. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು ನಕ್ಕರು. ರೇಸಿನವನು ಎಮ್ಮೆ ಮೇಯಿಸುತ್ತಿದ್ದಾನೆ ಎಂದರು. ಅವನಿಗೆ ಅವಮಾನವಾಯಿತು. ಆದರೂ ಮಾಡಿದ.

ಎರಡು ತಿಂಗಳಿಗೆ ಅವನ ಎಡಗೈ ಬೆರಳುಗಳಿಗೆ ಒಂದು ಸಂಗತಿ ತಿಳಿಯಿತು. ಕ್ಲಚ್ ಎಲ್ಲಿ ಹಿಡಿಯಲು ಶುರುಮಾಡುತ್ತದೆ ಎನ್ನುವುದು ಅದು. ಅಲ್ಲಿಯವರೆಗೆ ಬೇಗ ಬಿಡಬೇಕು. ಅಲ್ಲಿಂದ ಮುಂದೆ ಒಂದು ಉಸಿರಿನಷ್ಟು ಹೊತ್ತು ಹಿಡಿದು ಹಿಡಿದು ಬಿಡಬೇಕು. ಆಕ್ಸಿಲೇಟರ್ ಅಲುಗಾಡಬಾರದು. ಮೈ ಮುಂದಕ್ಕೆ ಬಾಗಿರಬೇಕು. ಕಾಲನ್ನು ನೆಲದ ಮೇಲೆ ಎಳೆಯದೆ ಕೂಡಲೇ ಮೇಲಿಡಬೇಕು. ಹಾಗೆ ಹೊರಟಾಗ ಹೊಗೆ ಏಳುವುದಿಲ್ಲ, ಸದ್ದು ಕಡಿಮೆ. ನೋಡುವವರಿಗೆ ಏನೂ ಆದಂತೆ ಕಾಣುವುದಿಲ್ಲ. ಗಾಡಿ ಮಾತ್ರ ಹೋಗಿಬಿಟ್ಟಿರುತ್ತದೆ.

ಅವನ ಟೈಮು ಹನ್ನೆರಡರ ಮೇಲೆ ತೊಂಬತ್ತಕ್ಕೆ ಇಳಿಯಿತು.

ಆಮೇಲೆ ಗೇರ್ ಬದಲಿಸುವ ಪಾಠ. ಒಂದು ಗೇರಿನಿಂದ ಇನ್ನೊಂದಕ್ಕೆ ಹೋಗುವಾಗ ಗಾಡಿ ಒಂದು ಕ್ಷಣ ಯಾರ ಕೈಯಲ್ಲೂ ಇರುವುದಿಲ್ಲ. ಇಂಜಿನ್ ಎಳೆಯುವುದಿಲ್ಲ, ಚಕ್ರ ಬರೀ ಉರುಳುತ್ತದೆ. ತಮ್ಮ ಕ್ಲಚ್ಚನ್ನು ಪೂರ್ತಿ ಒತ್ತಿ, ಆಕ್ಸಿಲೇಟರ್ ಪೂರ್ತಿ ಮುಚ್ಚಿ, ಕಾಲು ಎತ್ತಿ, ಲಿವರ್ ಹುಡುಕಿ ಗೇರ್ ಹಾಕುತ್ತಿದ್ದ. ಪೇಟೆಯಲ್ಲಿ ತರಕಾರಿಗೆ ಹೋಗುವವನು ಹಾಕುವಂತೆ. ಅಂಥ ಖಾಲಿ ಕ್ಷಣಗಳು ನಾಲ್ಕು ಸೇರಿದರೆ ಅದೇ ಒಂದು ಸೆಕೆಂಡಿನ ಹತ್ತಿರ ಬರುತ್ತದೆ.

ಮಿಸ್ತ್ರಿ ಅವನ ಬೂಟಿಗೂ ಗೇರ್ ಲಿವರಿಗೂ ನಡುವೆ ಒಂದು ಕಾಗದದ ಚೂರು ಇಟ್ಟ. "ಇದು ಬೀಳಬಾರದು," ಎಂದ. ಬೂಟು ಲಿವರಿನ ಕೆಳಗೆ ಸದಾ ಒತ್ತಿಕೊಂಡೇ ಇರಬೇಕು. ಆಗ ಕಾಲು ಹುಡುಕಬೇಕಾಗಿಲ್ಲ. ಕೈ ಆಕ್ಸಿಲೇಟರನ್ನು ಕೂದಲೆಳೆಯಷ್ಟು ಸಡಿಲಿಸಿದರೆ ಸಾಕು, ಗೇರ್ ತಾನಾಗಿ ಮೇಲೆ ಹೋಗಿ ಕೂರುತ್ತದೆ. ಕಾಗದ ಬಿದ್ದಾಗಲೆಲ್ಲ ತಮ್ಮ ಎತ್ತಿ ಮತ್ತೆ ಇಟ್ಟ. ಮಳೆಗಾಲ ಇಡೀ ಅದೇ ಕೆಲಸ. ರನ್‌ವೇ ಒಣಗುವ ಹೊತ್ತಿಗೆ ಕಾಗದ ಬೀಳುವುದು ನಿಂತಿತ್ತು.

ಅವನ ಟೈಮು ಹನ್ನೆರಡರ ಮೇಲೆ ಐವತ್ತೆರಡಕ್ಕೆ ಬಂತು. ಅಣ್ಣನದು ನಲವತ್ತೊಂದು. ನಡುವೆ ಉಳಿದದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು.

ಅಲ್ಲಿಗೆ ಅವನು ನಿಂತುಬಿಟ್ಟ. ಒಂದು ವರ್ಷ ಓಡಿದ. ಐವತ್ತೆರಡು, ಐವತ್ಮೂರು, ಐವತ್ತೆರಡು. ಇನ್ನೊಂದು ವರ್ಷ ಓಡಿದ, ಅದೇ ಐವತ್ತೆರಡು. ಟಯರ್ ಬದಲಿಸಿದ, ಸೀಟು ಕೊರೆಸಿದ, ಎರಡು ಹೊತ್ತು ಊಟ ಬಿಟ್ಟು ಮೈತೂಕ ಇಳಿಸಿದ. ಏನು ಮಾಡಿದರೂ ಐವತ್ತೆರಡರಿಂದ ಕೆಳಗೆ ಇಳಿಯಲಿಲ್ಲ.

ಕಾರಣ ಮಿಸ್ತ್ರಿಗೆ ಗೊತ್ತಿತ್ತು. ಬಹಳ ದಿನ ಹೇಳಲು ಬಾಯಿ ಬರಲಿಲ್ಲ. ಕೊನೆಗೆ ಒಂದು ದಿನ ಕರೆದು ಕೂರಿಸಿಕೊಂಡ.

"ತಮ್ಮಾ, ಈ ಇಂಜಿನ್ ನಾ ಎಷ್ಟು ಸಲ ಬಿಚ್ಚಿ ಕಟ್ಟೀನಿ ನಿನಗ ಗೊತ್ತೈತಿ. ಇದು ಈಗ ನಿಮ್ಮ ಅಣ್ಣ ಬಿಟ್ಟುಹೋದ ಇಂಜಿನ್ ಅಲ್ಲ. ಇದರ ಎಳತ ಆ ಕೆಂಪು ಗೆರಿಗಿಂತ ಮೊದಲ ಮುಗಿತೈತಿ. ನೀ ಮುಳ್ಳು ಅಲ್ಲಿ ಮುಟ್ಟೂತನಕ ಕಾಯತಿ. ನಾಕೂ ಗೇರಿನಾಗ ಕಾಯತಿ. ಆ ಗೆರಿ ಅಳಿಸು."

ತಮ್ಮ ಎದ್ದು ನಿಂತ.

"ಅದು ನಮ್ಮಣ್ಣನ ಕೈಯ್ಯಂದು, ಕಾಕಾ."

"ಗೊತ್ತೈತೋ ಮಾರಾಯಾ. ನನ್ನ ಬಣ್ಣದ ಡಬ್ಬೀನ ಅದು."

"ಅಣ್ಣ ಹೇಳಿದ್ದು ತಪ್ಪಂತೀರೇನು? ಅವನಕಿಂತ ನಾ ಶಾಣ್ಯಾನ?"

ಮಿಸ್ತ್ರಿ ಏನು ಹೇಳಿದರೂ ಅವನು ಕೇಳುತ್ತಿರಲಿಲ್ಲ. ಬೇರೆ ಯಾರ ಮಾತಾಗಿದ್ದರೂ ತಮ್ಮ ಒರೆಗೆ ಹಚ್ಚಿ ನೋಡುತ್ತಿದ್ದ. ಮಿಸ್ತ್ರಿ ಕಲಿಸಿದ ಕ್ಲಚ್ಚನ್ನು ನೂರು ಸಲ ಪರೀಕ್ಷೆ ಮಾಡಿದ್ದ, ಕಾಗದದ ಚೂರಿನ ಬಗ್ಗೆ ಜಗಳ ಆಡಿದ್ದ. ಗೆರೆಯನ್ನು ಮಾತ್ರ ಒಂದು ಸಲವೂ ಪರೀಕ್ಷೆ ಮಾಡಲಿಲ್ಲ. ಪ್ರೀತಿ ಇದ್ದ ಕಡೆ ಪರೀಕ್ಷೆ ಮಾಡುವುದು ಪಾಪ ಎಂದು ಅವನು ತಿಳಿದಿದ್ದ. ಗಾಡಿ ತೊಳೆಯುವಾಗ ಆ ಗಾಜಿನ ಮೇಲೆ ನೀರು ಬೀಳದ ಹಾಗೆ ಅಂಗೈ ಅಡ್ಡ ಹಿಡಿಯುತ್ತಿದ್ದ. ಬಣ್ಣ ಮಾಸಿದಾಗ ಅದರ ಮೇಲೇ ಸಣ್ಣ ಕಡ್ಡಿಯಿಂದ ಮತ್ತೆ ತಿದ್ದುತ್ತಿದ್ದ. ಕೂದಲೆಳೆಯಷ್ಟೂ ಆಚೀಚೆ ಆಗಲು ಬಿಡಲಿಲ್ಲ.

ಮೂರನೆಯ ವರ್ಷದ ಕೊನೆಯ ಪಂದ್ಯ ಬಂತು. ಅವನು ಬೆಳಗಿನಿಂದ ಮೂರು ಸಲ ಓಡಿದ. ಮೂರೂ ಸಲ ಐವತ್ತೆರಡು. ನಾಲ್ಕನೆಯದು ಕೊನೆಯ ಓಟ. ಅವನು ಹೆಲ್ಮೆಟ್ ತೆಗೆದು ನೆಲದ ಮೇಲೆ ಕೂತ. ಮಿಸ್ತ್ರಿ ಹತ್ತಿರ ಬಂದ. ಗಾಡಿ ಒರೆಸುವ ಬಟ್ಟೆ ಅವನ ಹೆಗಲ ಮೇಲಿತ್ತು. ಅದರಿಂದ ಒಂದು ಪಟ್ಟಿ ಹರಿದ.

"ಅಳಿಸಬ್ಯಾಡ. ಮುಚ್ಚು. ಒಂದ ಸಲ. ನಾ ನಿನ್ನ ಕಾಲು ಬೀಳ್ತೀನಿ," ಎಂದ.

ತನ್ನ ತಂದೆಯ ವಯಸ್ಸಿನವನು ಹಾಗೆ ಅಂದದ್ದಕ್ಕೆ ತಮ್ಮನಿಗೆ ಇಲ್ಲ ಎನ್ನಲು ಆಗಲಿಲ್ಲ. ಮಿಸ್ತ್ರಿ ಮೀಟರಿನ ಮೇಲೆ ಬಟ್ಟೆ ಕಟ್ಟಿದ.

ತಮ್ಮ ಓಟ ಶುರುವಾಗುವ ಗೆರೆಗೆ ಬಂದು ನಿಂತ. ಹಳದಿ ದೀಪಗಳು ಒಂದೊಂದಾಗಿ ಹತ್ತಿದವು. ಹಸಿರು ಬಿತ್ತು. ಅವನು ಗಾಬರಿಯಾಗಲಿಲ್ಲ. ಕ್ಲಚ್ಚನ್ನು ಒಂದು ಉಸಿರಿನಷ್ಟು ಹೊತ್ತು ಹಿಡಿದು ಬಿಟ್ಟ. ಗಾಡಿ ಹೋಯಿತು. ಕಣ್ಣು ಅಭ್ಯಾಸದಿಂದ ಕೆಳಗೆ ಹೋಯಿತು, ಅಲ್ಲಿ ಬಟ್ಟೆ ಇತ್ತು. ನೋಡಲು ಏನೂ ಇರಲಿಲ್ಲ. ಆಗ ಅವನಿಗೆ ಮೊದಲ ಸಲ ಇಂಜಿನ್ ತಿಳಿಯಿತು. ಮೊಣಕಾಲ ನಡುವೆ ಎಳೆತ ಏರಿತು, ತುಂಬಿತು, ಸಣ್ಣಗೆ ಸೋಲತೊಡಗಿತು. ಅವನು ಗೇರ್ ಬದಲಿಸಿದ. ಮತ್ತೆ ಏರಿತು, ತುಂಬಿತು. ಬದಲಿಸಿದ. ಯಾರೂ ಹೇಳಿಕೊಡಬೇಕಾಗಲಿಲ್ಲ.

ಚೀಟಿ ಬಂತು. ಹನ್ನೆರಡರ ಮೇಲೆ ಮೂವತ್ತಾರು.

ಮಿಸ್ತ್ರಿ ಚೀಟಿ ಹಿಡಿದುಕೊಂಡು ಗೊಳೋ ಎಂದು ಅತ್ತ. ಜನ ತಮ್ಮನನ್ನು ಎತ್ತಿಕೊಂಡರು. ಅವನು ಇಳಿಸಿರಿ ಎಂದ. ಗಾಡಿಯನ್ನು ರನ್‌ವೇಯ ಗೇಟಿನ ಕಡೆ ತಿರುಗಿಸಿ ನಿಲ್ಲಿಸಿ ಅದರ ಮೇಲೆ ಕೂತ. ಅಣ್ಣ ಬರುವ ದಾರಿ ಅದೇ. ಜನ ಒಬ್ಬೊಬ್ಬರಾಗಿ ಆ ಗೇಟಿನಿಂದ ಹೊರಗೆ ಹೋದರು. ಶಾಮಿಯಾನ ಬಿಚ್ಚಿದರು. ದೀಪದ ಕಂಬವನ್ನು ಲಾರಿಗೆ ಹಾಕಿದರು. ಒಳಗೆ ಯಾರೂ ಬರಲಿಲ್ಲ.

"ಮನಿಗೆ ಹೋಗೋಣು ನಡಿ," ಎಂದ ಮಿಸ್ತ್ರಿ.

"ಅಣ್ಣ ಬರಲಿಲ್ಲ, ಕಾಕಾ."

"ಅವನಿಗೆ ಹೆಂಗ ಗೊತ್ತಾಗಬೇಕೋ? ಎಲ್ಲಿ ಅದಾನೋ ಏನೋ."

ತಮ್ಮ ಗಾಡಿಯಿಂದ ಇಳಿದ. ಆಮೇಲೆ ಮೀಟರಿನ ಮೇಲಿನ ಬಟ್ಟೆ ಬಿಚ್ಚಿದ. ಕೆಂಪು ಗೆರೆ ಇದ್ದ ಹಾಗೇ ಇತ್ತು.

"ನಾ ಅವನ ಮಾತು ಮುಚ್ಚಿಟ್ಟು ಓಡಿದೆ. ಅದಕ್ಕ ಬರಲಿಲ್ಲ. ಇದು ಲೆಕ್ಕಕ್ಕಿಲ್ಲ," ಎಂದ. ಚೀಟಿಯನ್ನು ಮಿಸ್ತ್ರಿಯ ಕೈಯಿಂದ ತೆಗೆದುಕೊಂಡು ಹರಿದು ಹಾಕಿದ.

ಮೂರು ವರ್ಷದ ಬೆವರನ್ನು ಅವನು ಹಾಗೆ ಹರಿದು ಹಾಕಿದ. ಮಿಸ್ತ್ರಿ ಬೈದ, ಅತ್ತ, ಮನೆಗೆ ಬರಬೇಡ ಎಂದ. ತಮ್ಮ ಎಲ್ಲವನ್ನೂ ತಲೆ ತಗ್ಗಿಸಿ ಕೇಳಿಕೊಂಡ. ಮುಂದಿನ ಪಂದ್ಯದಲ್ಲಿ ಮತ್ತೆ ಗೆರೆ ನೋಡಿಯೇ ಓಡಿದ. ಮತ್ತೆ ಐವತ್ತೆರಡು.

ಇದಾಗಿ ಏಳು ವರ್ಷವಾಯಿತು. ಅವನು ಈಗಲೂ ಓಡುತ್ತಾನೆ. ಗೆರೆಯನ್ನು ಬಿಡುವುದಿಲ್ಲ, ಆದ್ದರಿಂದ ಉಳಿದದ್ದೆಲ್ಲವನ್ನೂ ಹಿಂಡುತ್ತಾನೆ. ಮಿಸ್ತ್ರಿ ಇನ್ನು ಇಂಜಿನ್ ಮುಟ್ಟುವುದಿಲ್ಲ ಎಂದಾಗ ಬೇರೆ ಕಡೆ ಹೋಗಿ ಇನ್ನೂ ಶಕ್ತಿ ಹಾಕಿಸಿದ. ಎಳೆತ ಮುಗಿದ ಮೇಲೂ ಗೆರೆ ಮುಟ್ಟುವವರೆಗೆ ಆ ಇಂಜಿನ್ ಕಿರುಚುತ್ತ ತಿರುಗಬೇಕು. ಹೋದ ವರ್ಷ ಎರಡು ಸಲ ಒಳಗಿನ ಕಬ್ಬಿಣ ಸೀಳಿತು. ಎರಡು ಸಲವೂ ಅದೃಷ್ಟ, ಗಾಡಿ ನಿಧಾನವಾದ ಮೇಲೆ ಸೀಳಿತು. ಪೂರ್ತಿ ವೇಗದಲ್ಲಿ ಇಂಜಿನ್ ಒಡೆದರೆ ಹಿಂದಿನ ಚಕ್ರ ಕಚ್ಚಿಕೊಂಡು ನಿಲ್ಲುತ್ತದೆ. ಸವಾರ ಉಳಿಯುವುದಿಲ್ಲ. ಇದು ಅವನ ಹಣೆಯಲ್ಲಿ ಬರೆದದ್ದಲ್ಲ, ಗಾಜಿನ ಮೇಲೆ ಬರೆದದ್ದು.

ಬರುವ ಭಾನುವಾರ ಮತ್ತೆ ಪಂದ್ಯ ಇದೆ. ಮಿಸ್ತ್ರಿಗೆ ಈಗ ಕಣ್ಣು ಮಂಜಾಗಿದೆ. ಆದರೂ ಅವನು ಹೊರಟ. ಆ ಹುಡುಗ ಯಾರ ಮಾತು ಕೇಳಿಯಾನು ಎಂದು ಅವನಿಗೆ ಗೊತ್ತಿತ್ತು. ಕೇಳಿಕೊಂಡು, ವಿಚಾರಿಸಿಕೊಂಡು, ನಾಲ್ಕು ಊರು ಅಲೆದು ನಿನ್ನೆ ಮಧ್ಯಾಹ್ನ ನಮ್ಮ ಮಠದ ಬಾಗಿಲಿಗೆ ಬಂದ.

ಗುರುಗಳು ಕತೆ ನಿಲ್ಲಿಸಿದರು. ಬಸಲಿಂಗ ಕಾಯುತ್ತ ಕೂತ. ಮುಂದೆ ಏನೂ ಬರದಿದ್ದಾಗ ಅವನಿಗೆ ಸಿಟ್ಟು ಬಂತು.

"ಅಂವ ಹುಚ್ಚ ಅದಾನ್ರಿ, ಅಜ್ಜಾರ. ಮೂವತ್ತಾರು ಓಡಿದ ಮ್ಯಾಲೂ ತಿಳಿಲಿಲ್ಲಂದ್ರ ಏನು ಹೇಳೂದು? ಆ ಅಣ್ಣಗಾದ್ರೂ ಕರುಳು ಬ್ಯಾಡೇನ್ರಿ? ಹೋಗಿ ಒಂದು ಮಾತು ಹೇಳಬಾರದ?"

ಗುರುಗಳು ಎದ್ದರು. ಶಾಲು ಹೊದ್ದರು. ಕಟ್ಟೆ ಇಳಿದು ಪಾದರಕ್ಷೆ ಮೆಟ್ಟಿದರು.

"ಹತ್ತು ಗಂಟೆ ಬಸ್ಸಿಗೆ ನಾ ಹೊಂಟೀನಿ. ಸೋಮವಾರ ಬರ್ತೀನಿ. ಪೂಜಿ ಶಿವಯ್ಯಗ ಒಪ್ಪಿಸೀನಿ, ನಿನಗಲ್ಲ."

ಬಸಲಿಂಗನೂ ಕಟ್ಟೆ ಇಳಿದ. ಗುರುಗಳು ಯಾವತ್ತೂ ಮಠ ಬಿಟ್ಟು ಹೋದವರಲ್ಲ. ಅವರು ಗೇಟಿನವರೆಗೆ ಹೋಗುವಷ್ಟರಲ್ಲಿ ಅವನು ಹಿಂದಿನಿಂದ ಓಡಿಬಂದು ಕೇಳಿದ.

"ಅಜ್ಜಾರ, ಆ ಮಿಸ್ತ್ರಿ ಇಷ್ಟು ದೂರ ನಮ್ಮ ಮಠಕ್ಕ ಯಾಕ ಬಂದಿದ್ದ?"

ಗುರುಗಳು ತಿರುಗಿ ಅವನ ಮುಖ ನೋಡಿದರು.

"ಆ ಗೆರಿ ಎಳದಾಂವ ನಾನ, ಬಸಲಿಂಗ, ಒಂದ ದಿನಾನೂ ನಾ ಅದನ್ನ ನೋಡಿ ಗೇರ್ ಬದಲಿಸಿಲ್ಲ."